ಲಚ್ಚಿ–ಸ್ವೀಟಿ ಸಂಧಾನದಲ್ಲಿ ನನ್ನ ಪಾತ್ರ

ಜಗಳ ಬಿಡಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಒಲಿದದ್ದು ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣಗಳೂ ಇದ್ದವು. ರಬಾಳೆಯ ಕಾರ್ಖಾನೆಗಳ ನಡುವೆ ಇರುವ ಒಂದು ಹೋಟೆಲಿಗೆ ನಾನು ಮ್ಯಾನೇಜರ್. ಅಲ್ಲಿ ದೋಸೆ ಹುಯ್ಯುವವನಿಗೂ ಚಾ ಮಾಡುವವನಿಗೂ ಗ್ಯಾಸ್ ಒಲೆಯ ಗಡಿ ವಿಷಯದಲ್ಲಿ ಆಗಾಗ ಯುದ್ಧ ಹತ್ತಿಕೊಳ್ಳುತ್ತದೆ. ನಾನು ಗಲ್ಲಾದಿಂದ ಎದ್ದು ಹೋಗಿ ನಾಲ್ಕು ಮಾತಾಡಿದರೆ ಸಾಕು, ಇಬ್ಬರೂ ಒಂದಾಗುತ್ತಾರೆ. ಒಂದಾಗಿ ನನ್ನನ್ನು ಬೈಯುತ್ತಾರೆ ಎಂದು ಆಮೇಲೆ ತಿಳಿಯಿತು, ಆ ಮಾತು ಬೇರೆ.

ಅದಲ್ಲದೆ ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಬಿಡುವಿನ ಭಾನುವಾರ ನಾವು ಕರಾವಳಿಯವರು ಠಾಣೆ ಊರಿನ ಒಂದು ಸಭಾಗೃಹದಲ್ಲಿ ಸೇರಿ, ವೇಷ ಕಟ್ಟದೆ, ಸಾಲಾಗಿ ಕುಳಿತು, ಬರೀ ಮಾತಿನಲ್ಲೇ ಪುರಾಣದ ಕಥೆ ನಡೆಸುತ್ತೇವೆ. ಅಲ್ಲಿ ನನಗೆ ಸಿಗುವುದು ಹೆಚ್ಚಾಗಿ ಸಂಧಾನಕ್ಕೆ ಬರುವ ರಾಯಭಾರಿಯ ಪಾತ್ರ. ಆ ಸಂಧಾನ ಪ್ರತಿ ಸಲವೂ ಮುರಿದೇ ಬೀಳುತ್ತದೆ. ಆದರೆ ಮುರಿಯುವ ಮೊದಲು ನಾನು ಎಷ್ಟು ಚೆನ್ನಾಗಿ ಮಾತಾಡುತ್ತೇನೆ ಎಂಬುದನ್ನು ನೋಡಬೇಕು! ಇಂಥವನ ಮನೆಯಲ್ಲಿ ಎರಡು ನಾಯಿಗಳು ಜಗಳವಾಡುವುದೆಂದರೆ ಏನು ಮಹಾ ಎಂದುಕೊಂಡಿದ್ದೆ.

ಲಚ್ಚಿ ಮೊದಲು ಬಂದವಳು. ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಕೆಳಗೆ ನಡುಗುತ್ತಿದ್ದ ಕಂದು ಬಣ್ಣದ ಮರಿಯನ್ನು ನಾನೇ ತರಕಾರಿ ಚೀಲದಲ್ಲಿ ಹಾಕಿಕೊಂಡು, ಠಾಣೆಯಲ್ಲಿ ಟ್ರೇನು ಬದಲಿಸಿ, ಡೊಂಬಿವಿಲಿಗೆ ತಂದಿದ್ದೆ. ಚೀಲ ಕುಂಯ್ ಎಂದಾಗಲೆಲ್ಲ ಮುಚ್ಚಿಹಾಕಲು ನಾನು ಜೋರಾಗಿ ಕೆಮ್ಮುತ್ತಿದ್ದೆ. ಸಂಜೆಯ ಲೋಕಲ್‌ನಲ್ಲಿ ನನಗೆ ಕುಳಿತುಕೊಳ್ಳಲು ಜಾಗ ಸಿಕ್ಕಿದ್ದು ಜೀವಮಾನದಲ್ಲಿ ಅದೊಂದೇ ಸಲ. ಲಚ್ಚಿ ಅಂದರೆ ನನಗೆ ಪ್ರಾಣ.

ಸ್ವೀಟಿ ಬಂದದ್ದು ಸೀವುಡ್ಸ್‌ನಿಂದ. ನನ್ನ ಹೆಂಡತಿ ಸುಜಾತಾಳ ತಂಗಿ ಅಲ್ಲಿದ್ದಳು. ಅವಳ ಗಂಡನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತು, ನಾಯಿಗೆ ಸಿಗಲಿಲ್ಲ. ಹಾಗಾಗಿ ಬಿಳಿ ಕೂದಲಿನ ಸ್ವೀಟಿ ಒಂದು ಹಾಸಿಗೆ, ಒಂದು ಬಾಚಣಿಗೆ, ಒಂದು ಗುಲಾಬಿ ಸ್ವೆಟರ್ ಸಮೇತ ನಮ್ಮ ಮೂರನೇ ಮಾಳಿಗೆಯ ಮನೆಗೆ ಬರುವುದೆಂದು ನಿಶ್ಚಯವಾಯಿತು.

ನಮ್ಮ ಮನೆಯ ಮಾತು ತುಳು. ವಿಷಯ ಗಂಭೀರವಾದರೆ ಮಾತ್ರ ಸುಜಾತಾ ಕನ್ನಡಕ್ಕೆ ಇಳಿಯುತ್ತಾಳೆ. ನನ್ನೊಡನೆ ಹೆಚ್ಚಾಗಿ ಕನ್ನಡವೇ.

"ನೋಡಿ ಮಾರಾಯ್ರೆ, ಎರಡೂ ಹೆಣ್ಣು ನಾಯಿ. ಒಂದೇ ಮನೆಯಲ್ಲಿ ಆಗುದಿಲ್ಲ ಅಂತಾರೆ ಎಲ್ಲರೂ. ಸ್ವಲ್ಪ ಆಲೋಚನೆ ಮಾಡಿ" ಎಂದಳು.

"ನಾನಿದ್ದೇನಲ್ಲ!" ಎಂದೆ.

ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಪ್ರಜ್ಞಾ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ನಾವು ಆಡುವುದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಪ್ಲೀಸ್, ಆಪ್ ಕುಛ್ ಮತ್ ಕರನಾ" ಎಂದಳು. ನಾನು ಏನೂ ಮಾಡಬಾರದಂತೆ! ಅಪ್ಪನ ಯೋಗ್ಯತೆ ಈಗಿನ ಮಕ್ಕಳಿಗೆ ಎಲ್ಲಿ ತಿಳಿಯಬೇಕು ಎಂದುಕೊಂಡೆ.

ಸ್ವೀಟಿ ಬಂದ ಮೊದಲ ದಿನಗಳು ಸುಸೂತ್ರವಾಗಿ ಕಳೆದವು. ಆಮೇಲೆ ಒಂದು ಸಂಜೆ ನಾನು ಕೆಲಸದಿಂದ ಬಂದು ಬಾಗಿಲು ತೆರೆದು, "ಲಚ್ಚೀ, ಸ್ವೀಟೀ, ಯಾರು ಬಂದದ್ದು ನೋಡಿ!" ಎಂದು ಕೂಗಿದೆ. ಇಬ್ಬರೂ ಓಡಿ ಬಂದರು. ಹಿರಿಯಳೆಂಬ ಮರ್ಯಾದೆಗೆ ನಾನು ಲಚ್ಚಿಯ ತಲೆ ಸವರಿದೆ. ಸ್ವೀಟಿ ನಡುವೆ ಮೂತಿ ತೂರಿಸಿದಳು. ಅಷ್ಟೇ! ಮರುಕ್ಷಣ ನನ್ನ ಕಾಲ ಬುಡದಲ್ಲಿ ಕಂದು ಯಾವುದು, ಬಿಳಿ ಯಾವುದು ತಿಳಿಯದ ಒಂದು ಉಂಡೆ ಗಿರಗಿರ ತಿರುಗುತ್ತಿತ್ತು.

"ನೀರು! ನೀರು ಹಾಕಿ!" ಎಂದು ಸುಜಾತಾ ಕಿರುಚಿದಳು.

ನಾನು ಅಡುಗೆಮನೆಗೆ ಧಾವಿಸಿ ಕೈಗೆ ಸಿಕ್ಕಿದ ಪಾತ್ರೆಯನ್ನು ಎತ್ತಿ ತಂದು ಅವುಗಳ ಮೇಲೆ ಬೋರಲು ಹಾಕಿದೆ. ಅದು ಮರುದಿನದ ಇಡ್ಲಿ ಹಿಟ್ಟು.

ಆದರೆ ಜಗಳ ನಿಂತಿತು! ಇಬ್ಬರೂ ಒಂದು ಕ್ಷಣ ಬೆಕ್ಕಸ ಬೆರಗಾಗಿ ನಿಂತು, ಆಮೇಲೆ ಒಬ್ಬರ ಮೈ ಒಬ್ಬರು ನೆಕ್ಕತೊಡಗಿದರು. "ನೋಡಿದೆಯಾ? ವಿರೋಧಿಗಳು ಒಬ್ಬರನ್ನೊಬ್ಬರು ಮುದ್ದಿಸುವ ಹಾಗೆ ಮಾಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ" ಎಂದೆ. ಸುಜಾತಾ ಖಾಲಿ ಪಾತ್ರೆಯನ್ನೂ ನನ್ನನ್ನೂ ನೋಡಿದಳು. ಮರುದಿನ ಬೆಳಿಗ್ಗೆ ನಮಗೆ ಬ್ರೆಡ್ಡು.

ನಾಯಿಗಳು ಬುದ್ಧಿವಂತ ಪ್ರಾಣಿಗಳು ಎಂದು ಕೇಳಿದ್ದೆ, ಇಷ್ಟು ಎಂದು ಗೊತ್ತಿರಲಿಲ್ಲ. ಮರುದಿನ ಸಂಜೆ ನಾನು ಬಂದೊಡನೆ ಎರಡೂ ಮೊದಲಿಗಿಂತ ಜೋರಾಗಿ ಕಚ್ಚಾಡಿದವು. ಕಚ್ಚಾಟದ ನಡುವೆ ಲಚ್ಚಿ ಒಮ್ಮೆ ತಲೆ ತಿರುಗಿಸಿ ಅಡುಗೆಮನೆಯ ಕಡೆ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಹಿಟ್ಟು ಇನ್ನೂ ಯಾಕೆ ಬಂದಿಲ್ಲ ಎಂಬ ನೋಟ ಅದು.

ಹಿಟ್ಟಿನ ಪ್ರಯೋಗವನ್ನು ಸುಜಾತಾ ನಿಷೇಧಿಸಿದ ಮೇಲೆ ನಾನು ಊರಿನ ಪದ್ಧತಿಯನ್ನು ನೆನಪಿಸಿಕೊಂಡೆ. ನಮ್ಮ ಕಡೆ ಎರಡು ಮನೆಯವರ ಮುನಿಸು ಮುರಿಯಬೇಕಾದರೆ ಹಿರಿಯರು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ, ಅಕ್ಕಪಕ್ಕದ ಎಲೆಗೆ ಕೂರಿಸಿ ಉಣ್ಣಿಸುತ್ತಾರೆ. ಒಟ್ಟಿಗೆ ಉಂಡೆದ್ದವರು ಮತ್ತೆ ಮುಖ ತಿರುಗಿಸುವ ಹಾಗಿಲ್ಲ. ಎಷ್ಟೋ ಮನೆತನಗಳು ಹೀಗೆ ಒಂದಾದದ್ದನ್ನು ನಾನು ನೋಡಿದ್ದೇನೆ. ಲಚ್ಚಿ, ಸ್ವೀಟಿ ಆಗುವುದಿಲ್ಲವೇ?

ಭಾನುವಾರ ಸ್ಟೇಷನ್ ಹತ್ತಿರದ ಮಾರುಕಟ್ಟೆಯಿಂದ ಬಾಳೆ ಎಲೆ ತಂದೆ.

"ಯಾರು ಬರ್ತಾರೆ ಊಟಕ್ಕೆ?" ಎಂದು ಸುಜಾತಾ ಗಡಿಬಿಡಿಯಿಂದ ಕೇಳಿದಳು.

"ಯಾರೂ ಇಲ್ಲ. ಇವರಿಬ್ಬರಿಗೆ."

"ನಿಮ್ಮ ಮಂಡೆ ಸಮ ಉಂಟಾ?"

ನಾನು ಹಾಲ್‌ನಲ್ಲಿ ಎರಡು ಎಲೆ ಹಾಕಿ, ಅನ್ನ, ಕೋಳಿ ತುಂಡು ಸಮಸಮವಾಗಿ ಬಡಿಸಿ, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೂರಿಸಿ, "ಇನ್ನು ನಿಧಾನಕ್ಕೆ ಆಗಲಿ" ಎಂದು ಉಪಚಾರದ ಮಾತನ್ನೂ ಹೇಳಿದೆ. ನಿಧಾನಕ್ಕೆ ಏನೂ ಆಗಲಿಲ್ಲ. ಲಚ್ಚಿ ತನ್ನ ಎಲೆಯನ್ನು ಎರಡು ಉಸಿರಿನಲ್ಲಿ ಮುಗಿಸಿ ಪಕ್ಕದ ಎಲೆಯ ಕ್ಷೇಮ ವಿಚಾರಿಸಲು ಹೋದಳು. ಆಮೇಲೆ ನಡೆದದ್ದನ್ನು ವರ್ಣಿಸಲಾರೆ. ಫ್ಯಾನಿನ ರೆಕ್ಕೆಗೆ ಅಂಟಿದ ಅನ್ನದ ಅಗುಳು ಸುಮಾರು ದಿನ ನಮ್ಮ ತಲೆಯ ಮೇಲೆ ಉದುರುತ್ತಿತ್ತು ಎಂದರೆ ಸಾಕು.

ಸ್ವೀಟಿಯ ಕಿವಿ ಹರಿಯಿತು.  ರಿಕ್ಷಾ ಹಿಡಿದು ನಾಯಿ ಡಾಕ್ಟರರ ಬಳಿ ಓಡಿದೆವು. ಹೊಲಿಗೆ ಹಾಕುತ್ತ ಅವರು ಹೇಗಾಯಿತು ಎಂದು ಕೇಳಿದರು. "ಒಂದೇ ಪಂಕ್ತಿಗೆ ಕೂರಿಸಿದ್ದೆ" ಎಂದು ನನಗೆ ಬರುವ ಹಿಂದಿಯಲ್ಲಿ ವಿವರಿಸಿದೆ. ಡಾಕ್ಟರರು ಸೂಜಿ ಕೆಳಗಿಟ್ಟು, ನಕ್ಕು ಮುಗಿಸಿ, ಮತ್ತೆ ಸೂಜಿ ಎತ್ತಿಕೊಂಡರು. ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕಿ ಎಂದರು. ನನಗೆ ಆ ಸಲಹೆ ಹಿಡಿಸಲಿಲ್ಲ. ಪಂಕ್ತಿಭೇದ ಮಾಡಿದರೆ ಮುನಿಸು ಹೆಚ್ಚುತ್ತದೆಯೇ ಹೊರತು ಕಡಿಮೆಯಾದೀತೇ?

ಈ ನಡುವೆ ಯುದ್ಧ ನಮ್ಮಿಬ್ಬರಿಗೂ ಹಬ್ಬಿತು. "ನಿಮ್ಮ ಲಚ್ಚಿ ರೌಡಿ" ಎಂದು ಸುಜಾತಾ. "ನಿನ್ನ ತಂಗಿಯ ನಾಯಿಗೆ ಗತ್ತು ಜಾಸ್ತಿ" ಎಂದು ನಾನು. ಮಾತಿಗೆ ಮಾತು ಬೆಳೆದು, ನಮ್ಮ ಮದುವೆಯಲ್ಲಿ ಯಾರ ಕಡೆಯವರಿಗೆ ಪಾಯಸ ಕಡಿಮೆಯಾಯಿತು ಎಂಬಲ್ಲಿಯವರೆಗೆ ಹೋಯಿತು. ಆಶ್ಚರ್ಯವೆಂದರೆ ನಾವು ಜಗಳವಾಡುವಾಗ ನಾಯಿಗಳು ಜಗಳವಾಡುತ್ತಿರಲಿಲ್ಲ, ಕುಳಿತು ನೋಡುತ್ತಿದ್ದವು.

ಆಮೇಲಿನ ಸಾಹಸಕ್ಕೆ ಕಲ್ಯಾಣದ ವಿಠಲಣ್ಣನೂ ಪಾಲುದಾರ. ವಿಠಲಣ್ಣ ನನ್ನ ಗೆಳೆಯ, ತಾಳಮದ್ದಳೆಯಲ್ಲಿ ನನ್ನೆದುರು ಕೂರುವ ಎದುರಾಳಿ ರಾಜ. ಮುಂದಿನ ಕಾರ್ಯಕ್ರಮದ ತಯಾರಿಗೆಂದು ಅವನು ಒಂದು ಸಂಜೆ ನಮ್ಮ ಮನೆಗೆ ಬಂದ. ನನಗೆ ಒಂದು ಮಹಾ ಯೋಚನೆ ಹೊಳೆಯಿತು. ಸಂಧಾನದ ಮಾತನ್ನು ನಾಯಿಗಳ ಎದುರಲ್ಲೇ ಅಭ್ಯಾಸ ಮಾಡಿದರೆ ಹೇಗೆ? ಮಾತಿನ ಅರ್ಥ ತಿಳಿಯದಿದ್ದರೂ ಭಾವ ತಟ್ಟದೆ ಇದ್ದೀತೇ? ಲಚ್ಚಿಯನ್ನು ನನ್ನ ಬಲಕ್ಕೆ, ಸ್ವೀಟಿಯನ್ನು ವಿಠಲಣ್ಣನ ಪಕ್ಕಕ್ಕೆ ಕೂರಿಸಿದೆವು. ವಿಠಲಣ್ಣ ಮದ್ದಳೆಯ ಬದಲು ಟೀಪಾಯಿ ಬಡಿದ. ನಾನು ಶುರು ಮಾಡಿದೆ.

"ಬಂಧುಗಳ ನಡುವೆ ಬಾಳುವೆಯ ಬಾಗಿಲು ಮುಚ್ಚಬಾರದು, ಮಹಾರಾಜ! ಕೂಡಿ ಬಾಳುವುದರಲ್ಲಿ ಇರುವ ಸುಖ..." ಎಂದು ಮೆಲುದನಿಯಲ್ಲಿ ತೊಡಗಿ, ಪದ್ಧತಿಯಂತೆ ಮೆಲ್ಲಮೆಲ್ಲನೆ ಸ್ವರ ಏರಿಸಿದೆ.

ಲಚ್ಚಿಯ ಬೆನ್ನ ಕೂದಲು ಎದ್ದು ನಿಂತಿತು. ನಾನು ರೋಮಾಂಚನವೆಂದು ತಿಳಿದೆ.

"ಬಂಧುತ್ವವೇ? ಯಾರ ಬಂಧು? ಎಲ್ಲಿಯ ಬಂಧು?" ಎಂದು ವಿಠಲಣ್ಣ ಗುಡುಗಿ ಟೀಪಾಯಿಗೆ ಒಂದು ಏಟು ಹಾಕಿದ.

ಎರಡೂ ಕಡೆಯ ಸೈನ್ಯ ಒಮ್ಮೆಲೇ ಹಾರಿತು! ಟೀಪಾಯಿ ಮಗುಚಿತು, ಚಹಾ ಚೆಲ್ಲಿತು. ಎದುರಾಳಿ ರಾಜ ಸೋಫಾದ ಮೇಲೆ ಹತ್ತಿ ಪಂಚೆ ಎತ್ತಿ ಹಿಡಿದು "ಅಯ್ಯೋ ಸುಜಾತಕ್ಕಾ!" ಎಂದು ಶತ್ರುಪಕ್ಷದ ಮೊರೆ ಹೊಕ್ಕ. ಸುಜಾತಾ ಓಡಿಬಂದು ಬಿಡಿಸಲು ಕೈ ಹಾಕಿದಳು. ಯಾರ ಹಲ್ಲೋ ತಿಳಿಯದು, ಅವಳ ಅಂಗೈಗೆ ನೆಟ್ಟಿತು.

ಅವಳು ಕೈ ತೊಳೆದು, ಇಂಜೆಕ್ಷನ್ ಹಾಕಿಸಿಕೊಂಡು ಬಂದು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಕುಳಿತಳು. ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯೂ ಬಂದರು. "ಅಹೋ ಅಣ್ಣಾ, ಹೇ ಕಾಯ್ ಚಾಲ್ಲಂಯ್, ಇದೇನು ನಡೀತಿದೆ? ಕೆಳಗಿನವರು ಕಂಪ್ಲೇಂಟ್ ಮಾಡ್ತಿದ್ದಾರೆ. ನಾಯಿ ಜಗಳ ಓಕೆ, ಆದರೆ ಮನುಷ್ಯರು ಕೂಗೋದು ಯಾಕೆ?" ಎಂದು ಮರಾಠಿ ಹಿಂದಿ ಬೆರೆಸಿ ಕೇಳಿ ಹೋದರು.

ಅವರು ಹೋದ ಮೇಲೆ ಸುಜಾತಾ ಶುದ್ಧ ಕನ್ನಡದಲ್ಲಿ ಹೇಳಿದಳು. "ಇನ್ನು ನನ್ನಿಂದ ಆಗುದಿಲ್ಲ. ನಾಳೆ ಪ್ರಜ್ಞಾಳ ಮುಖಕ್ಕೆ ಕಚ್ಚಿದ್ರೆ? ಶಹಾಡ್‌ನಲ್ಲಿ ನಮ್ಮ ದಾಮೋದರನ ಮನೆಗೆ ಅಂಗಳ ಉಂಟು. ಒಂದನ್ನು ಅವನು ಇಟ್ಟುಕೊಳ್ತಾನಂತೆ. ಭಾನುವಾರ ಬರ್ಲಿಕ್ಕೆ ಹೇಳಿದ್ದೇನೆ."

ದಾಮೋದರ ಅವಳ ದೊಡ್ಡಮ್ಮನ ಮಗ, ಒಳ್ಳೆಯ ಮನುಷ್ಯ.

"ಯಾವುದನ್ನು?" ಎಂದೆ.

"ನೀವೇ ಹೇಳಿ."

ಪ್ರಜ್ಞಾ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಆ ವಾರವಿಡೀ ಹೋಟೆಲಿನಲ್ಲಿ ಚಿಲ್ಲರೆ ತಪ್ಪು ಕೊಟ್ಟೆ. ಲಚ್ಚಿಯನ್ನು ಕಳಿಸುವುದೆಂದರೆ ಕರುಳು ಕಿತ್ತು ಕೊಟ್ಟ ಹಾಗೆ. ಸ್ವೀಟಿಯನ್ನು ಕಳಿಸೋಣವೆಂದರೆ, ಅವಳು ಒಮ್ಮೆ ಮನೆ ಬಿಟ್ಟು ಬಂದವಳು, ಮತ್ತೊಮ್ಮೆ ಬಿಡಿಸುವುದೇ? ಅದೂ ಆ ಹೊಲಿಗೆ ಹಾಕಿದ ಕಿವಿಯೊಡನೆ!

ಶನಿವಾರ ಕೆಲಸಕ್ಕೆ ಹೊರಟವನು ಸ್ಟೇಷನ್ ಮುಟ್ಟಿ, ಟ್ರೇನು ಹತ್ತದೆ ಹಿಂದಿರುಗಿದೆ. ಯಾವಳು ಜಗಳ ಶುರು ಮಾಡುತ್ತಾಳೆ ಎಂದು ಗುಟ್ಟಾಗಿ ನೋಡಿ, ತಪ್ಪಿತಸ್ಥೆಯನ್ನು ಗುರುತಿಸಿ, ನ್ಯಾಯವಾಗಿ ತೀರ್ಪು ಕೊಡುವುದೆಂದು ನನ್ನ ಆಲೋಚನೆ. ಎದುರು ವಿಂಗಿನ ಜೋಶಿ ಕಾಕುವಿನ ಗ್ಯಾಲರಿಯಿಂದ ನಮ್ಮ ಹಾಲ್ ಚೆನ್ನಾಗಿ ಕಾಣುತ್ತದೆ. ವಯಸ್ಸಾದ ಮರಾಠಿ ಹೆಂಗಸು, ಒಳ್ಳೆಯವರು. ಒಣಗಲು ಹಾಕಿದ ಅವರ ಒಂಬತ್ತು ಗಜದ ಸೀರೆಯ ಮರೆಯಲ್ಲಿ ನಿಂತು ಇಣುಕಿದೆ.

ಕಂಡದ್ದನ್ನು ನಂಬಲಾಗಲಿಲ್ಲ. ಲಚ್ಚಿ, ಸ್ವೀಟಿ ಇಬ್ಬರೂ ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದ್ದರು! ಸ್ವಲ್ಪ ಹೊತ್ತಿಗೆ ಲಚ್ಚಿ ಎದ್ದು, ಸ್ವೀಟಿಯ ಗಾಯದ ಕಿವಿಯನ್ನು ಮೆಲ್ಲಗೆ ನೆಕ್ಕಿ, ಮತ್ತೆ ಮಲಗಿದಳು. ಸುಜಾತಾ ಅವರಿಬ್ಬರನ್ನೂ ದಾಟಿಕೊಂಡು ಓಡಾಡುತ್ತಿದ್ದಳು. ಒಬ್ಬಳೂ ಕಣ್ಣು ತೆರೆಯಲಿಲ್ಲ. ನನಗೆ ಅಳು ಬಂತು. ಕಾಕುವಿನ ಸೀರೆಯ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.

"ರೋಜ್ ಅಸಂಚ್" ಎಂದರು ಕಾಕು, ಅವರೆಕಾಯಿ ಸುಲಿಯುತ್ತ. ದಿನಾ ಹೀಗೆಯೇ ಮಲಗುತ್ತಾರಂತೆ.

"ಹಾಗಾದರೆ ಜಗಳ ಯಾವಾಗ?" ಎಂದು ಹಿಂದಿಯಲ್ಲಿ ಕೇಳಿದೆ.

"ತುಮ್ಹಿ ಆಲಾತ್ ಕೀ ಸುರೂ!" ಎಂದರು. ನೀವು ಬಂದಿರೋ, ಶುರು!

ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಸಂತೋಷ ಅಷ್ಟಿತ್ತು. ಯಾರನ್ನೂ ಕಳಿಸಬೇಕಾಗಿಲ್ಲ! ಇಬ್ಬರಿಗೂ ಪ್ರೀತಿ ಇದೆ! ನಾನು ಅವರ ಮೆಟ್ಟಿಲು ಇಳಿದು, ನಮ್ಮ ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, "ನನ್ನ ಬಂಗಾರಿಗಳಾ!" ಎಂದು ಎರಡೂ ತೋಳು ಚಾಚಿ ನುಗ್ಗಿದೆ.

ಇಬ್ಬರೂ ನಿದ್ದೆಯಿಂದ ಹಾರಿ ಎದ್ದು ನನ್ನ ಕಡೆ ಓಡಿ ಬಂದರು, ಬಾಗಿಲಲ್ಲಿ ಢಿಕ್ಕಿ ಹೊಡೆದರು. ಉಂಡೆ ಮತ್ತೆ ತಿರುಗತೊಡಗಿತು.

ಸುಜಾತಾ ಓಡಿ ಬರಲಿಲ್ಲ. ನಿಂತಲ್ಲೇ ನಿಂತು, "ನೀವು ಹೊರಗೆ ಹೋಗಿ" ಎಂದಳು. ಹೋದೆ. ಅವಳು ಬಾಗಿಲು ಹಾಕಿದಳು. ಒಳಗೆ ಗದ್ದಲ ತಟ್ಟನೆ ತಣ್ಣಗಾಯಿತು. ಬಾಗಿಲು ಸಣ್ಣಗೆ ತೆರೆದು ಕೇಳಿದಳು. "ಈಗ ಒಮ್ಮೆ ಲಚ್ಚೀ ಅಂತ ಕರೀರಿ ನೋಡುವ." ಕರೆದೆ. ಒಳಗೆ ಗುರ್ ಎಂದಿತು. "ಸಾಕು" ಎಂದು ಮತ್ತೆ ಹಾಕಿದಳು. ನಮ್ಮದೇ ಮನೆಯ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ನಾನು ಪೇಪರಿನವನ ಹಾಗೆ ನಿಂತಿದ್ದೆ.

ರಾತ್ರಿಯ ಊಟಕ್ಕೆ ಸುಜಾತಾ ತೀರ್ಪು ಕೊಟ್ಟಳು. "ಹೆಣ್ಣು ಹೆಣ್ಣು ಆಗುದಿಲ್ಲ ಅಂತ ಆ ಪಾಪದವರಿಗೆ ಹೆಸರು. ನನಗೂ ಇವತ್ತೇ ಹೊಳೆದದ್ದು. ಇಷ್ಟು ದಿನ ನಾವು ಮೂರು ಹೆಂಗಸರು, ಎರಡು ಅವು, ಒಂದು ನಾನು, ಇಡೀ ದಿನ ಈ ಮನೆಯಲ್ಲಿ ಸುಖವಾಗಿ ಇದ್ದೇವೆ. ನೀವು ಬಂದು ಬೊಬ್ಬೆ ಹಾಕುದು, ಒಬ್ಬಳನ್ನು ಮುದ್ದು ಮಾಡುದು, ಇನ್ನೊಬ್ಬಳಿಗೆ ತೋರಿಸುದು! ಅವು ಮತ್ತೆ ಎಂತ ಮಾಡ್ಬೇಕು?"

ಪ್ರಜ್ಞಾ ಆ ವಾರದಲ್ಲಿ ಮೊದಲ ಸಲ ನಕ್ಕಳು. "ತೋ ಪಪ್ಪಾ ಕೋ ಹೀ ಶಹಾಡ್ ಭೇಜ್ ದೋ ನಾ!" ಹಾಗಾದರೆ ನನ್ನನ್ನೇ ಶಹಾಡ್‌ಗೆ ಕಳಿಸಬೇಕಂತೆ!

ನಾನು ತಮಾಷೆಯೆಂದು ತಿಳಿದು ನಕ್ಕೆ. ಸುಜಾತಾ ನಗಲಿಲ್ಲ.

ಭಾನುವಾರ ದಾಮೋದರ ಒಂದು ಸರಪಳಿ, ಒಂದು ಹಳೆಯ ಬೆಡ್‌ಶೀಟು ಹಿಡಿದುಕೊಂಡು ರಿಕ್ಷಾದಲ್ಲಿ ಬಂದ. "ಯಾವುದು ಭಾವ? ಕಂದು ಬಣ್ಣದ್ದಾ, ಬಿಳಿಯಾ?" ಎಂದು ಕೇಳಿದ. ಸುಜಾತಾ ನನ್ನ ಬಟ್ಟೆಯ ಬ್ಯಾಗನ್ನು ತಂದು ಅವನ ಕೈಗೆ ಕೊಟ್ಟಳು. ದಾಮೋದರ ಬ್ಯಾಗು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದ ಸರಪಳಿಯನ್ನು ಮೆಲ್ಲಗೆ ಜೇಬಿಗೆ ತುರುಕಿಕೊಂಡ. ನಾನು ಶಹಾಡ್‌ಗೆ ಹೊರಟೆ!

ಅಲ್ಲಿ ನಾಯಿಗೆಂದು ಅಂಗಳದ ಪಕ್ಕದ ಕೋಣೆಯನ್ನು ಗುಡಿಸಿ ಇಟ್ಟಿದ್ದರು, ಚೆನ್ನಾಗಿತ್ತು. ಗಾಳಿ ಬೆಳಕಿಗೆ ಕೊರತೆಯಿಲ್ಲ. ದಿನಾ ಹೋಟೆಲಿನಿಂದ ಫೋನ್ ಮಾಡಿ ಯುದ್ಧದ ವರದಿ ಕೇಳುತ್ತಿದ್ದೆ. "ಎಂತ ಯುದ್ಧ? ಇಬ್ಬರೂ ಮಲಗಿದ್ದಾರೆ. ನಾನೂ ಮಲಗಿದ್ದೇನೆ" ಎನ್ನುತ್ತಿದ್ದಳು ಸುಜಾತಾ. ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗೂ ಆಯಿತು, ಸ್ವಲ್ಪ ಉರಿದ ಹಾಗೂ ಆಯಿತು. ಇಬ್ಬರೂ ಉಳಿದುಕೊಂಡರಲ್ಲ ಎಂಬ ಖುಷಿಯೇ ಹೆಚ್ಚು.

ಸ್ವೀಟಿಯ ಕಿವಿ ಪೂರ್ತಿ ಮಾಗಿದ ಮೇಲೆ ನನಗೆ ಮರಳಲು ಅಪ್ಪಣೆಯಾಯಿತು. ಷರತ್ತುಗಳು ಹೀಗಿದ್ದವು. ಬಾಗಿಲಲ್ಲಿ ಯಾರ ಹೆಸರನ್ನೂ ಕರೆಯಬಾರದು. ಬಂದವನು ನೇರ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂರಬೇಕು. ಇಬ್ಬರೂ ಶಾಂತವಾಗಿ ನೆಲಕ್ಕೆ ಮೈ ಚಾಚುವವರೆಗೆ ಮುಟ್ಟಬಾರದು, ಮಾತಾಡಬಾರದು, ಕಣ್ಣೂ ಹಾಯಿಸಬಾರದು. ಅವರ ಊಟ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ಪುರಾಣದ ಯುದ್ಧ, ಸಂಧಾನ ಏನಿದ್ದರೂ ಠಾಣೆಯಲ್ಲಿ.

ಮೊದಲ ದಿನ ಕೈ ತಾನಾಗಿಯೇ ಲಚ್ಚಿಯ ಕಡೆ ಹೋಯಿತು. "ಆಂ!" ಎಂದಳು ಸುಜಾತಾ. ಕೈ ಹಿಂದೆ ಬಂತು. ಮರುದಿನ ಸ್ವೀಟಿಯನ್ನು ಕಳ್ಳಗಣ್ಣಿನಿಂದ ನೋಡಿದ್ದಕ್ಕೆ ನನ್ನನ್ನು ಗ್ಯಾಲರಿಗೆ ಕಳಿಸಲಾಯಿತು. ನಾಯಿಗಳು ಒಂದೆರಡು ಸಂಜೆ ಗುರುಗುಟ್ಟಿದವು, ಆಮೇಲೆ ಅದನ್ನೂ ಬಿಟ್ಟವು. ನಾನು ಕಲಿಯಲು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಂಡೆ. ಕೊನೆಗೊಂದು ಸಂಜೆ, ನಾನು ಗೋಡೆ ನೋಡುತ್ತ ಕುಳಿತಿದ್ದಾಗ, ಬಲಗಾಲ ಮೇಲೆ ಒಂದು ಗದ್ದ ಬಂದು ಕೂತಿತು. ಉಸಿರು ಬಿಗಿಹಿಡಿದೆ. ಎಡಗಾಲ ಮೇಲೆ ಇನ್ನೊಂದು ಗದ್ದ! ಎರಡೂ ಕಾಲು ಜೋಮು ಹಿಡಿದವು. ನಾನು ಅಲುಗಾಡಲಿಲ್ಲ. ಅಷ್ಟು ಸುಖವನ್ನು ನಾನು ಯಾವ ಚಪ್ಪಾಳೆಯಲ್ಲೂ ಕಂಡಿಲ್ಲ. ಸುಜಾತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತ, ತುಳುವಿನಲ್ಲಿ, "ಎಡ್ಡೆ ಆಂಡ್" ಎಂದಳು. ಒಳ್ಳೆಯದಾಯಿತು ಎಂದು.

ಈ ಸುದ್ದಿ ಸೊಸೈಟಿಯಲ್ಲಿ ಹಬ್ಬಿತು. ಒಂದು ದಿನ ಸೆಕ್ರೆಟರಿ ತಮ್ಮ ಭಾವನನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಬಂದರು. ಅವರ ಮನೆಯಲ್ಲೂ ಎರಡು ಹೆಣ್ಣು ನಾಯಿಗಳಂತೆ, ಇದೇ ಗೋಳಂತೆ. ಲಚ್ಚಿ, ಸ್ವೀಟಿ ಅಕ್ಕಪಕ್ಕ ಮಲಗಿರುವುದನ್ನು ಕಂಡು ಆ ಹೆಂಗಸು ಮೂಗಿನ ಮೇಲೆ ಬೆರಳಿಟ್ಟರು.

"ಎರಡರಲ್ಲಿ ಟ್ರೇನಿಂಗ್ ಕೊಟ್ಟದ್ದು ಯಾವುದಕ್ಕೆ?" ಎಂದು ಹಿಂದಿಯಲ್ಲಿ ಕೇಳಿದರು.

ಸುಜಾತಾ ನನ್ನ ಕಡೆ ಕೈ ತೋರಿಸಿದಳು. "ಇವರಿಗೆ" ಎಂದಳು. "ಥೋಡಾ ಟೈಮ್ ಲಗತಾ ಹೈ, ಸ್ವಲ್ಪ ಸಮಯ ಬೇಕು. ಧೈರ್ಯ ಬಿಡಬೇಡಿ."

ಮೂವರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಭಾವನ ಮುಖ ಸಣ್ಣಗಾಯಿತು, ಅವರ ಹೆಂಡತಿಯ ಮುಖ ಅರಳಿತು. ಇದಕ್ಕೆ ತಕ್ಕ ಉತ್ತರ ಕೊಡದಿದ್ದರೆ ಇಷ್ಟು ವರ್ಷ ವೇದಿಕೆಯಲ್ಲಿ ಮಾತಾಡಿದ್ದೆಲ್ಲ ದಂಡ ಎನಿಸಿತು. ಕುರ್ಚಿಯಿಂದ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದೆ.

ಸುಜಾತಾ ಒಂದು ಬೆರಳು ಎತ್ತಿದಳು.

ನಾನು ಕುಳಿತೆ.